ಜನಕ್ಕೆ ಕಷ್ಟದ್ದೂ ಇಷ್ಟವಾಗುತ್ತದೆ

"ಜನಕ್ಕೆ ಸರಳವಾದದ್ದೇ ಬೇಕು, ಅದಕ್ಕೇ ಹಾಡು, ಗೇಮ್ ಎಲ್ಲ ಸಪ್ಪೆಯಾಗುತ್ತಿವೆ" ಅಂತ ಒಬ್ಬ ಲೇಖಕರು ಬರೆದಿದ್ದಾರೆ, ಆ ಮಾತನ್ನು ನಾನಂತೂ ಒಪ್ಪುವುದಿಲ್ಲ. 2022ರಲ್ಲಿ ಬಂದ ಎಲ್ಡನ್ ರಿಂಗ್ ಅನ್ನೋ ವಿಡಿಯೋ ಗೇಮ್ ನೋಡಿ. ಅದರಲ್ಲಿ ಸುಲಭದ ಮೋಡ್ ಇಲ್ಲ, ಮುಂದೆ ಎಲ್ಲಿಗೆ ಹೋಗಬೇಕು ಅಂತ ಸರಿಯಾಗಿ ಹೇಳುವುದೂ ಇಲ್ಲ, ಆದರೂ ಒಂದು ವರ್ಷದೊಳಗೆ 2 ಕೋಟಿ ಪ್ರತಿ ಮಾರಾಟವಾಯಿತು. ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನವರ 1973ರ 'ಮನಿ' ಹಾಡಿನ ತಾಳ ಬಹುಪಾಲು ಸುತ್ತಿಗೆ ಏಳು ಎಣಿಕೆಯದ್ದು, ರಾಕ್‌ನಲ್ಲಿ ಮಾಮೂಲಿ ನಾಲ್ಕು. ಕೇಳುವವರು ಎಣಿಸುತ್ತಾ ಕೂರಲಿಲ್ಲ, ಆ ಬೇಸ್ ಗಿಟಾರ್ ಒಂದೇ ಸಾಕಾಯಿತು ಒಳಗೆ ಎಳೆದುಕೊಳ್ಳೋಕೆ. ಮೊದಲಿಗೇ ಹಿಡಿದುಕೊಳ್ಳೋಕೆ ಏನೋ ಒಂದು ಸಿಗಬೇಕು, ಅಲ್ವಾ? ಅದು ಸಿಕ್ಕರೆ ಎಷ್ಟು ಕಷ್ಟವಿದ್ದರೂ ಜನ ಜೊತೆಗೆ ಬರುತ್ತಾರೆ. ಸುಮ್ನೆ ಮೆನು ಮೇಲೆ ಮೆನು ಪೇರಿಸಿದ ಗೇಮ್ ಸೋತರೆ ಆಡುವವರ ಬುದ್ಧಿಯನ್ನು ದೂರಬೇಡಿ.