ಇಂಜಿನ್ ಇಳಿಸುವ ಮೊದಲು ಕ್ಯಾನ್ ಸಂದೇಶ ದಾಖಲಿಸಿಕೊಳ್ಳಿ

ಹಳೆಯ ಪೆಟ್ರೋಲ್ ಕಾರನ್ನು ಎಲೆಕ್ಟ್ರಿಕ್ ಮಾಡುವ ಬಗ್ಗೆ ಒಂದು ಲೇಖನ ಓದಿದೆ. ಇಂಜಿನ್ ತೆಗೆದು ಮೋಟಾರ್, ಬ್ಯಾಟರಿ ಕೂರಿಸಿದರೆ ಕೆಲಸ ಮುಗಿಯಿತು ಎಂದು ಅದರಲ್ಲಿದೆ. 1970ರ ದಶಕದ ಕಾರಿಗೆ ಅದು ಬಹುಮಟ್ಟಿಗೆ ಸರಿ, ಈಗಿನದಕ್ಕೆ ಸಾಲದು. ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು, ಕಾರಿನ ಕಂಪ್ಯೂಟರ್‌ಗಳು ಪರಸ್ಪರ ಮಾತಾಡುವ ಕ್ಯಾನ್ ಬಸ್ ಎಂಬ ಎರಡು ತಂತಿಗಳ ಮೇಲೆ ಆರ್‌ಪಿಎಂ (ಇಂಜಿನ್ ತಿರುಗುವ ವೇಗ), ಕೂಲೆಂಟ್‌ನ ಬಿಸಿ ಎಲ್ಲವನ್ನೂ ಒಂದೇ ಸಮನೆ ಕಳಿಸುತ್ತಿರುತ್ತದೆ. ಆ ಸಂದೇಶ ನಿಂತರೆ ಎಷ್ಟೋ ಕಾರುಗಳಲ್ಲಿ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್, ಇಂಜಿನ್ ಆಫ್ ಆಗಿದೆ ಅಂದುಕೊಂಡು ಸ್ಟೀರಿಂಗ್ ತಿರುಗಿಸಲು ನೆರವು ಕೊಡುವುದನ್ನು ನಿಲ್ಲಿಸುತ್ತದೆ. ತಿರುವಿನಲ್ಲಿ ಹಾಗಾದರೆ ಅಪಾಯ ಅಲ್ವಾ?

ಹಾಗಾಗಿ ಕಾರು ಇನ್ನೂ ಓಡುತ್ತಿರುವಾಗಲೇ ಆ ಸಂದೇಶಗಳನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಿ. ಆಮೇಲೆ ಮೈಕ್ರೋಕಂಟ್ರೋಲರ್ ಎಂಬ ಸಣ್ಣ ಕಂಪ್ಯೂಟರ್ ಚಿಪ್ ಒಂದು ಮೋಟಾರಿನ ವೇಗವನ್ನು ಅದೇ ರೂಪದಲ್ಲಿ ಕಳಿಸಲಿ. ಇದಕ್ಕೇ ಜಾಸ್ತಿ ಸಮಯ ಹಿಡಿಯುವುದು. ದಯವಿಟ್ಟು ಎಬಿಎಸ್, ಏರ್‌ಬ್ಯಾಗ್ ಮಾಡ್ಯೂಲ್‌ಗಳನ್ನು ಕಿತ್ತುಹಾಕಬೇಡಿ. ಎಚ್ಚರಿಕೆಯ ದೀಪ ಮುಚ್ಚಿ ಸುಮ್ನಾಗಬೇಡಿ. ಇಂಜಿನ್ ಇಲ್ಲದಿರುವುದರಿಂದ, ಆಲ್ಟರ್ನೇಟರ್ ಬದಲು ದೊಡ್ಡ ಬ್ಯಾಟರಿಯ ವಿದ್ಯುತ್ತನ್ನು 12 ವೋಲ್ಟ್‌ಗೆ ಇಳಿಸುವ ಡಿಸಿ-ಡಿಸಿ ಕನ್ವರ್ಟರ್, ಬ್ರೇಕ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ ಪಂಪ್ ಕೂಡ ಬೇಕು.