ನನ್ನ ಹೆಸರಿನ ಕೆಳಗೆ ಏನಿರಬೇಕು ಅಂತ ನನ್ನನ್ನೇ ಕೇಳಬಾರದಾ?

ಅಡಿಕೆ ಬೆಳೆಯುವವರ ಸಭೆಯಲ್ಲಿ ಕೊಟ್ಟ ಆ ಹೆಸರಿನ ಚೀಟಿಯನ್ನು ಹರಿದು ಬಚ್ಚಲ ಒಲೆಗೆ ಹಾಕಬೇಕು ಅಂತ ಬಸ್ಸಿನಲ್ಲೇ ಅಂದುಕೊಂಡಿದ್ದೆ. ಹಾಕಲಿಲ್ಲ. ಎದುರಿಗೇ ಇದೆ. ನೋಡಿದಾಗೆಲ್ಲ ಮೈ ಉರಿಯುತ್ತದೆ.

ಹೆಸರು ಸಣ್ಣ ಅಕ್ಷರದಲ್ಲಿ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಗೃಹಿಣಿ’. ನಮ್ಮ ಮನೆಯವರ ಚೀಟಿಗೆ ಹಸಿರು ಪಟ್ಟಿ, ಅದರಲ್ಲಿ ‘ಪ್ರಗತಿಪರ ಕೃಷಿಕರು’. ಅವರು ಶಿವಮೊಗ್ಗದಲ್ಲಿ ಆಫೀಸಿನ ಕೆಲಸದಲ್ಲಿರುವವರು. ಶನಿವಾರ ಸಂಜೆ ರಿಪ್ಪನ್‌ಪೇಟೆ ಮೇಲೆ ಬರುವ ಬಸ್ಸಿಗೆ ಮನೆಗೆ ಬರುತ್ತಾರೆ, ಸೋಮವಾರ ಬೆಳಿಗ್ಗೆ ಹೋಗುತ್ತಾರೆ. ತೋಟದ ಪಹಣಿ ಅವರ ಹೆಸರಲ್ಲಿದೆ, ಅಷ್ಟೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಪಟ್ಟಿ ಬೇಕು ಅಂತ ಅವರೇನೂ ಕೇಳಿರಲಿಲ್ಲ.

ನೋಂದಣಿ ಮೇಜಿನ ಹುಡುಗನಿಗೆ ಆಗಲೇ ಹೇಳಿದೆ, ನಾನು ಅಡಿಕೆ ಬೆಳೆಗಾರಳು, ಹಾಗೇ ಹಾಕಪ್ಪ ಅಂತ. ‘ಅಕ್ಕ, ಪಹಣಿ ಇದ್ದವರಿಗೆ ಮಾತ್ರ ಕೃಷಿಕರು ಅಂತ ಬರುತ್ತೆ. ಉಳಿದವರು ಪಟ್ಟಿಯಲ್ಲಿ ಇರೋದನ್ನೇ ಆರಿಸಬೇಕು’ ಅಂದ. ವಿದ್ಯಾರ್ಥಿ, ನೌಕರರು, ವ್ಯಾಪಾರ, ಗೃಹಿಣಿ, ಇತರೆ. ನಾನು ಬಾಯಿ ತೆರೆಯುವುದರೊಳಗೆ ಗೃಹಿಣಿ ಒತ್ತಿ ಆಗಿತ್ತು.

ಸರಿ, ಯಂತ್ರ ತೆಗೆದುಕೊಳ್ಳುವುದಿಲ್ಲ ಅಂದರೆ ಏನು ಮಾಡೋದು ಅಂತ ಪಕ್ಕಕ್ಕೆ ಸರಿದೆ. ನನ್ನ ಹಿಂದೆ ಒಬ್ಬ ಹಿರಿಯರು ನಿಂತಿದ್ದರು. ಅವರಿಗೆ ಅದೇ ಹುಡುಗ ‘ಇತರೆ’ ಒತ್ತಿದ. ಖಾಲಿ ಜಾಗ ತೆರೆಯಿತು. ‘ನಿವೃತ್ತ ಪ್ರಾಂಶುಪಾಲರು ಮತ್ತು ಸಮಾಜ ಸೇವಕರು’ ಅಂತ ಟೈಪ್ ಮಾಡಿದ. ಒಂದು ಸಾಲಿನಲ್ಲಿ ಹಿಡಿಸಲಿಲ್ಲ. ‘ಸರ್, ಎರಡು ಸಾಲು ಮಾಡಲಾ, ಅಕ್ಷರ ಸಣ್ಣ ಮಾಡಲಾ?’ ಅಂತ ಕೇಳಿದ. ಕೇಳಿದ! ನಾನು ಅಲ್ಲೇ ನಿಂತಿದ್ದೆ. ನನಗೂ ಹಾಗೇ ಹಾಕಿಕೊಡು ಅಂದರೆ, ‘ನಿಮ್ಮದು ಆಗಲೇ ಪ್ರಿಂಟ್‌ಗೆ ಹೋಯ್ತಲ್ಲ ಅಕ್ಕ.’

ಇಷ್ಟೇ ಆಗಿದ್ದರೆ ಮರೆತುಬಿಡುತ್ತಿದ್ದೆ. ನಿಜವಾಗಿಯೂ.

ಮಧ್ಯಾಹ್ನ ಪ್ರಶ್ನೆ ಕೇಳುವ ಹೊತ್ತು. ಯಾರು ಎದ್ದು ನಿಂತರೂ ಅವರ ಹೆಸರು, ಕೆಳಗೆ ಅವರ ಬಿರುದು ವೇದಿಕೆಯ ಹಿಂದಿನ ಪರದೆಯಲ್ಲಿ ಬರುತ್ತಿತ್ತು. ನಾನು ಎದ್ದೆ. ಮೈಕ್ ಬಂತು. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿ ಆಗಿದೆ, ಕೆಳಗಿನ ಸಾಲುಗಳಲ್ಲಿ ಎಲೆಚುಕ್ಕಿ ರೋಗ ಕಾಣಿಸಿದೆ, ಆ ಸೋಗೆಗಳನ್ನು ಕಡಿಸಿ ಸುಟ್ಟಿದ್ದೇವೆ, ಈಗ ಅದಕ್ಕೆ ಪ್ರೊಪಿಕೊನಜೋಲ್ ಔಷಧಿ ಹೊಡೆಸಬೇಕೆಂದರೆ ಬೋರ್ಡೋ ಆದ ಮೇಲೆ ಎಷ್ಟು ದಿನ ಬಿಡಬೇಕು ಅಂತ ಕೇಳಿದೆ. ತಪ್ಪಿಲ್ಲದೆ, ನಿಧಾನವಾಗಿ ಕೇಳಿದೆ.

ಉತ್ತರ ಕೊಡಬೇಕಾದವರು ತಿರುಗಿ ಪರದೆ ನೋಡಿದರು. ಓದಿದರು. ಆಮೇಲೆ ನನ್ನ ಕಡೆ ನೋಡಿ, ‘ಯಜಮಾನರು ಬಂದಿದ್ದಾರಾ?’ ಅಂದರು.

ಮನೆಯವರು ಅರ್ಧ ಎದ್ದರು. ಅಲ್ಲಿಂದ ಮುಂದೆ ಎಲ್ಲವೂ ಅವರಿಗೇ. ‘ನೋಡಿ ಸರ್, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು...’ ನಾನು ಕೇಳಿದ್ದು ಅದಲ್ಲ! ಬೋರ್ಡೋ ಮಾಡುವುದನ್ನು ನನಗೆ ಹೇಳಿಕೊಡಬೇಕಾ? ಪ್ರತಿ ಮಳೆಗಾಲದಲ್ಲೂ ಡ್ರಮ್ಮಿನ ಮುಂದೆ ನಿಲ್ಲುವುದು ನಾನು. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಸುಣ್ಣವನ್ನು ತುತ್ತಕ್ಕಲ್ಲ. ಕಬ್ಬಿಣದ ಕತ್ತಿ ಅದ್ದಿ ನೋಡಬೇಕು, ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಹಾಕಬೇಕು. ಇದು ಗೊತ್ತಿಲ್ಲದೆ ತೋಟ ಉಳಿಯುತ್ತದಾ?

ಮನೆಯವರು ಪಾಪ ಹೇಳಿದರು, ‘ಸರ್, ತೋಟ ನೋಡಿಕೊಳ್ಳೋದು ಅವಳೇ, ಅವಳಿಗೇ ಹೇಳಿ.’ ಅದಕ್ಕೆ ಆ ಮನುಷ್ಯ, ‘ಓ, ಮನೆಯಲ್ಲಿ ಯಜಮಾನಿಕೆ ಅವರದ್ದು ಅನ್ನಿ’ ಅಂದರು. ಇಡೀ ಸಭೆ ನಕ್ಕಿತು. ಹೆಂಗಸರೂ ನಕ್ಕರು. ಪರದೆಯ ಮೇಲೆ ನನ್ನ ಹೆಸರು, ಗೃಹಿಣಿ. ಕೈಯಲ್ಲಿ ಮೈಕ್ ಹಿಡಿದು ನಾನು ನಿಂತೇ ಇದ್ದೆ. ಒಬ್ಬ ಹುಡುಗ ಬಂದು ಮೈಕ್ ತೆಗೆದುಕೊಂಡು ಹೋದ. ಉತ್ತರ ಬರಲೇ ಇಲ್ಲ. ಮುಂದಿನವರ ಹೆಸರು ಪರದೆಗೆ ಬಂತು.

ಬಿಡಿ, ಚೀಟಿಯಲ್ಲಿ ಏನಿದ್ದರೇನು, ಅಡಿಕೆ ಮರಕ್ಕೆ ಅದು ಗೊತ್ತಾಗುತ್ತದಾ ಅಂತ ನಾನೇ ಹೇಳಿಕೊಳ್ಳುತ್ತೇನೆ. ಸುಮ್ನೆ ಇರೋಣ ಅನ್ನಿಸುತ್ತದೆ. ಮರುಗಳಿಗೆಗೆ ಆ ನಗು ಕಿವಿಗೆ ಬರುತ್ತದೆ.

ಗೃಹಿಣಿ ಅಂದರೆ ನನಗೆ ಅವಮಾನ ಅಂತ ಯಾರೂ ತಿಳಿಯಬೇಡಿ. ಮನೆಯನ್ನೂ ನಾನೇ ನಡೆಸುತ್ತೇನೆ. ಆದರೆ ಮರ ಹತ್ತಿ ಔಷಧಿ ಹೊಡೆಯುವ, ಕೊನೆ ಇಳಿಸುವ ಕೊನೆಗಾರರಿಗೆ ಫೋನ್ ಮಾಡಿ ದಿನ ಹಿಡಿಯುವುದು, ಕೊಯ್ಲಿನಲ್ಲಿ ರಾತ್ರಿ ಹನ್ನೊಂದರವರೆಗೆ ಸುಲಿಯುವವರ ಜೊತೆ ಕೂರುವುದು, ಚೊಗರು ಅಂದರೆ ಅಡಿಕೆ ಬೇಯಿಸಿದ ನೀರು, ಅದರ ಹದ ನೋಡಿ ಹಂಡೆಯಲ್ಲಿ ಬೇಯಿಸುವುದು, ಮೋಡ ಕಂಡರೆ ಅಂಗಳಕ್ಕೆ ಓಡುವುದು, ಅಡಿಕೆಯ ತರ ನೋಡಿ ಬೆಟ್ಟೆ ಬೇರೆ, ರಾಶಿ ಬೇರೆ, ಗೊರಬಲು ಬೇರೆ ಮಾಡುವುದು, ಇದಕ್ಕೆಲ್ಲ ಏನು ಹೆಸರು? ಮಲೆನಾಡಿನ ಯಾವ ಅಡಿಕೆ ಮನೆಗೆ ಬೇಕಾದರೂ ಹೋಗಿ ನೋಡಿ, ಇದರಲ್ಲಿ ಎಷ್ಟು ಕೆಲಸ ಹೆಂಗಸರದ್ದು ಅಂತ.

ಪಹಣಿ ಇದ್ದರೆ ಮಾತ್ರ ಕೃಷಿಕರು ಅಂತ ಯಾರು ಹೇಳಿದ್ದು? 2007ರ ರಾಷ್ಟ್ರೀಯ ರೈತ ನೀತಿ ಓದಿ. ಅದರಲ್ಲಿ ಗೇಣಿಗೆ ಮಾಡುವವರೂ ರೈತರು, ಕೂಲಿ ಮಾಡುವವರೂ ರೈತರು. 2011ರ ಜನಗಣತಿಯ ನಿಯಮದಲ್ಲೂ ಮನೆಯ ಜಮೀನಿನಲ್ಲಿ ಸಂಬಳ ಇಲ್ಲದೆ ದುಡಿದರೆ ಅದನ್ನು ಕೆಲಸ ಅಂತಲೇ ಲೆಕ್ಕ ಹಿಡಿದಿದ್ದಾರೆ. 2026ನೇ ಇಸವಿಯನ್ನು ವಿಶ್ವಸಂಸ್ಥೆ ಮಹಿಳಾ ರೈತರ ವರ್ಷ ಅಂತ ಘೋಷಿಸಿದೆ. ಕಾಗೋಡು ನಮ್ಮ ಜಿಲ್ಲೆಯಲ್ಲೇ ಇದೆ. 1951ರಲ್ಲಿ ಅಲ್ಲಿನ ಗೇಣಿದಾರರು ಗೇಣಿ ಭತ್ತದ ಅಳತೆ ಸರಿಯಾಗಿರಲಿ ಅಂತ ಜೈಲಿಗೆ ಹೋದರು. ಪಹಣಿಯಲ್ಲಿ ಅವರ ಹೆಸರು ಇತ್ತಾ?

ಸಭೆ ನಡೆಸಿದವರಿಗೆ ಫೋನ್ ಮಾಡಿ ಕೇಳಿದೆ. ‘ಮುಂದಿನ ಸಲ ನೋಡೋಣ ಮೇಡಂ’ ಅಂದರು. ಪ್ರಮಾಣಪತ್ರ ಮೊಬೈಲಿಗೆ ಬಂದಿದೆ. ಅದರಲ್ಲೂ ಗೃಹಿಣಿ. ಗೋಡೆಗೆ ಹಾಕೋಣ ಅನ್ನುತ್ತಾಳೆ ಮಗಳು. ಬೇಡ ಅಂದೆ.

ಇಂಥ ಫಾರಂ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ಉತ್ತರ ಕೊಡಿ. ಆ ಖಾಲಿ ಜಾಗವನ್ನು ಎಲ್ಲರಿಗೂ ತೆರೆದಿಡಲು ಏನು ಕಷ್ಟ? ಏನೂ ಬೇಡ ಅನ್ನುವವರಿಗೆ ಬರೀ ಹೆಸರು ಹಾಕಿದರೆ ಸಾಲದಾ? ಪಹಣಿ ಬೇರೆ, ತೋಟ ಮಾಡುವವರು ಬೇರೆ ಅನ್ನುವ ಮನೆಗಳು ನಮ್ಮ ಹೊಸನಗರದ ಕಡೆ ಎಷ್ಟಿವೆ ಅಂತ ನಿಮಗೆ ಗೊತ್ತಿಲ್ವಾ?

ಮತ್ತೆ, ಬೋರ್ಡೋ ಹೊಡೆಸಿದ ಎಷ್ಟು ದಿನಕ್ಕೆ ಎಲೆಚುಕ್ಕಿಯ ಔಷಧಿ ಹೊಡೆಸಬಹುದು? ಇಲ್ಲಿ ಯಾರಿಗಾದರೂ ಖಚಿತವಾಗಿ ಗೊತ್ತಿದ್ದರೆ ಹೇಳಿ. ಮಳೆ ಬಿಟ್ಟಿದೆ, ಕೊನೆಗಾರರು ಗುರುವಾರ ಬರುತ್ತಾರೆ.