85 ಸೆಂಟಿಮೀಟರಿನೊಳಗಿನ ಯಜಮಾನರು

ಬಿಡದಿ ಹತ್ತಿರದ ವಂಡರ್‌ಲಾ ಮನರಂಜನಾ ಪಾರ್ಕಿನಲ್ಲಿ ನಿಮ್ಮ ಮಗುವಿಗೆ ಎಷ್ಟು ವರ್ಷ ಎಂದು ಕೇಳುವುದಿಲ್ಲ, ಎಷ್ಟು ಎತ್ತರ ಎಂದು ನೋಡುತ್ತಾರೆ. 85 ಸೆಂಟಿಮೀಟರಿಗಿಂತ ಕುಳ್ಳಗಿದ್ದರೆ ಪ್ರವೇಶ ಪುಕ್ಕಟೆ. ಅಲ್ಲಿಂದ 140ರವರೆಗೆ ಮಕ್ಕಳ ಟಿಕೆಟ್. 140 ದಾಟಿದರೆ ಮೀಸೆ ಮೂಡಿರಲಿ ಬಿಡಲಿ, ದೊಡ್ಡವರ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ ಎರಡು ವರ್ಷ ತುಂಬಿದ ಮಗುವಿನ ನಡುಮಟ್ಟದ ಎತ್ತರ 86–87 ಸೆಂಟಿಮೀಟರ್. ಅಂದರೆ ಎರಡನೇ ಹುಟ್ಟುಹಬ್ಬದ ಆಸುಪಾಸಿನ ಮಕ್ಕಳೆಲ್ಲ ಆ ಗೆರೆಯ ಮೇಲೆಯೇ ನಿಂತಿರುತ್ತವೆ. ಟಿಕೆಟ್ ಕೌಂಟರಿನಲ್ಲಿ ‘ಸ್ವಲ್ಪ ಮಂಡಿ ಬಗ್ಗಿಸು ಪುಟ್ಟಾ’ ಅನ್ನುವ ಅಪ್ಪ, ಒಳಗೆ ಆಟದ ಮುಂದಿನ ಅಳತೆಗೋಲಿನ ಹತ್ತಿರ ‘ತುದಿಗಾಲಲ್ಲಿ ನಿಲ್ಲೋ’ ಅನ್ನುತ್ತಾನೆ. ಮೊದಲನೆಯದರಲ್ಲಿ ಹೋಗುವುದು ದುಡ್ಡು ಮಾತ್ರ. ಎರಡನೆಯದನ್ನು ಮಾಡಬಾರದು. ಸೀಟಿನ ಕಂಬಿ, ಬೆಲ್ಟು ಎಲ್ಲವೂ ಒಂದು ಎತ್ತರದ ದೇಹವನ್ನು ಹಿಡಿದಿಡಲಿಕ್ಕೆ ಮಾಡಿದ್ದು. ಅದಕ್ಕಿಂತ ಚಿಕ್ಕ ಮೈ ಕೆಳಗಿನಿಂದ ನುಸುಳಿ ಹೋಗುತ್ತದೆ.

ಎರಡೂವರೆ ವರ್ಷದ್ದೊಂದು, ಏಳು ತಿಂಗಳದ್ದೊಂದು ಕಟ್ಟಿಕೊಂಡು ಇಂಥ ಜಾಗಕ್ಕೆ ಹೋಗುವವರು ಮೊದಲು ನೋಡಬೇಕಾದ್ದು ಆಟಗಳ ಪಟ್ಟಿಯನ್ನಲ್ಲ, ಗಡಿಯಾರವನ್ನು. ಪಾರ್ಕಿನ ಬಾಗಿಲು ತೆರೆಯುವುದು ಬೆಳಿಗ್ಗೆ 11ಕ್ಕೆ. ನೀರಿನ ಆಟಗಳು ಶುರುವಾಗುವುದು 12ರ ಮೇಲೆ. ಮನೆಯ ಯಜಮಾನರಿಬ್ಬರ ವೇಳಾಪಟ್ಟಿ ಬೇರೆ. ದೊಡ್ಡದು 6ಕ್ಕೆ ಎದ್ದು 10ರವರೆಗೆ ಊರು ಆಳುತ್ತದೆ, 12ಕ್ಕೆ ಕಣ್ಣುಜ್ಜುತ್ತದೆ, 1 ಗಂಟೆಗೆ ಮಲಗದಿದ್ದರೆ 2ಕ್ಕೆ ನೆಲದ ಮೇಲೆ ಬಿದ್ದು ಕೈಕಾಲು ಬಡಿಯುತ್ತದೆ. ಚಿಕ್ಕದಕ್ಕೆ ಒಮ್ಮೆ ಎದ್ದರೆ ಎರಡು, ಹೆಚ್ಚೆಂದರೆ ಮೂರು ಗಂಟೆಯ ಉತ್ಸಾಹ. ಹೀಗಾಗಿ ಅಲೆಯ ಕೊಳದಲ್ಲಿ ಮೊದಲ ಅಲೆ ಏಳುವ ಹೊತ್ತಿಗೂ ಮಕ್ಕಳ ನಿದ್ದೆಯ ಹೊತ್ತಿಗೂ ಸರಿಯಾಗಿ ಡಿಕ್ಕಿ. ಅಲ್ಲಿ ಅಳುವ ಮಕ್ಕಳಲ್ಲಿ ಬಹುಪಾಲು ಭಯಕ್ಕೆ ಅಳುತ್ತಿರುವುದಿಲ್ಲ, ನಿದ್ದೆಗೆ ಅಳುತ್ತಿರುತ್ತವೆ.

ಈ ಕಾರಣಕ್ಕೇ ಪಾರ್ಕಿಗೆ ಅಂಟಿಕೊಂಡಿರುವ ರೆಸಾರ್ಟ್ ಉಪಯೋಗಕ್ಕೆ ಬರುವುದು. ಪಾರ್ಕ್ ಶುರುವಾದದ್ದು 2005ರಲ್ಲಿ, ರೆಸಾರ್ಟ್ 2012ರಲ್ಲಿ. ಬೆಂಗಳೂರಿನಿಂದ ಇಪ್ಪತ್ತೆಂಟು ಕಿಲೋಮೀಟರ್ ದೂರಕ್ಕೆ ರೂಮು ಯಾಕೆ ದಂಡ ಎಂದು ಹಿರಿಯರು ಕೇಳಿಯೇ ಕೇಳುತ್ತಾರೆ. ಆ ರೂಮು ರಾತ್ರಿಗಲ್ಲ, ಮಧ್ಯಾಹ್ನ 1ರಿಂದ 3ರವರೆಗಿನ ಕತ್ತಲೆಗೆ. ದಪ್ಪ ಪರದೆ, ಸದ್ದಿಲ್ಲದ ಎಸಿ, ಬಾಗಿಲು ಹಾಕಿದರೆ ಜಗತ್ತಿಲ್ಲ. ಎಲ್ಲರೂ ಎಡವುವುದು ಇಲ್ಲಿಯೇ. ಒಂದು ರಾತ್ರಿಗೆ ಬುಕ್ ಮಾಡಿ, ಸಂಜೆ ಬಂದು ಮಲಗಿ, ಮರುದಿನ ಪಾರ್ಕು ಎಂದು ಲೆಕ್ಕ ಹಾಕುತ್ತಾರೆ. ರೆಸಾರ್ಟುಗಳಲ್ಲಿ ರೂಮು ಬಿಡುವ ಸಮಯ ಸಾಮಾನ್ಯವಾಗಿ 11 ಇಲ್ಲವೇ 12. ಅಂದರೆ ಪಾರ್ಕು ತೆರೆದ ಗಳಿಗೆಗೆ ರೂಮು ಕೈತಪ್ಪಿತು, 1 ಗಂಟೆಯ ನಿದ್ದೆಗೆ ಬೆಂಚೇ ಗತಿ. ಒಂದೋ ಎರಡು ರಾತ್ರಿ ಹಿಡಿಯಬೇಕು, ಇಲ್ಲವೇ ತಡವಾಗಿ ಬಿಡುತ್ತೇವೆಂದು ಬುಕಿಂಗ್ ಮಾಡುವಾಗಲೇ ಕೇಳಿ ಬರೆಸಿಕೊಳ್ಳಬೇಕು. ಪಾರ್ಕಿನಿಂದ ಮಧ್ಯಾಹ್ನ ಹೊರಗೆ ಬಂದರೆ ಮತ್ತೆ ಒಳಗೆ ಬಿಡುತ್ತಾರೆಯೇ, ಬಿಡಲು ಏನು ಗುರುತು ಬೇಕು ಎಂಬುದನ್ನು ಹೊರಗೆ ಕಾಲಿಡುವ ಮೊದಲೇ ಗೇಟಿನವರಿಂದ ತಿಳಿದುಕೊಳ್ಳಬೇಕು.

ರೂಮಿನಲ್ಲಿ ಎಲ್ಲವೂ ಇರುತ್ತದೆ, ಜೋಲಿ ಕಟ್ಟಲು ಕೊಕ್ಕೆಯೊಂದನ್ನು ಬಿಟ್ಟು. ಅಜ್ಜಿಯ ಹಳೇ ಸೀರೆಯ ಜೋಲಿಯಲ್ಲಿ ತೂಗಿಸಿಕೊಂಡೇ ನಿದ್ದೆ ಮಾಡುವ ಕೂಸಿಗೆ ಇದು ದೊಡ್ಡ ಅನ್ಯಾಯ. ಹೊರಡುವ ವಾರಕ್ಕೆ ಮುಂಚೆಯೇ ದಿನಕ್ಕೊಂದು ನಿದ್ದೆಯನ್ನಾದರೂ ನೆಲದ ಹಾಸಿಗೆಯ ಮೇಲೆ ಅಭ್ಯಾಸ ಮಾಡಿಸಬೇಕು; ಅಲ್ಲಿಗೆ ಹೋಗಿ ಕಲಿಸುತ್ತೇವೆಂದರೆ ಅಕ್ಕಪಕ್ಕದ ರೂಮಿನವರೂ ಕಲಿಯುತ್ತಾರೆ. ಮಗುವಿನ ತೊಟ್ಟಿಲು ಬೇಕೆಂದರೆ ಮೊದಲೇ ಹೇಳಿರಬೇಕು. ಸಿಗದಿದ್ದರೆ ಹೆಚ್ಚುವರಿ ಹಾಸಿಗೆಯನ್ನು ನೆಲಕ್ಕೆ ಹಾಕಿಸಿ, ಗೋಡೆಯಿಂದ ದೂರಕ್ಕೆ ಎಳೆದು, ಮೇಲೆ ದಿಂಬು ರಜಾಯಿ ಏನೂ ಇಲ್ಲದೆ ಅಂಗಾತ ಮಲಗಿಸುವುದು ಸರಿ. ಮಂಚವನ್ನು ಗೋಡೆಗೆ ಒತ್ತಿ ‘ಇನ್ನು ಬೀಳಲ್ಲ’ ಎಂದುಕೊಳ್ಳುವುದು ಅಪಾಯ. ಹಾಸಿಗೆ ಮೆಲ್ಲಗೆ ಸರಿದು ಗೋಡೆಗೂ ಅದಕ್ಕೂ ನಡುವೆ ಸಂದು ಬೀಳುತ್ತದೆ, ಕೂಸು ಅಲ್ಲಿಗೇ ಉರುಳುತ್ತದೆ. ದೊಡ್ಡದರ ಕಣ್ಣು ಬೀಳುವುದು ಕೆಟಲಿನ ವಯರಿನ ಮೇಲೆ, ಬಚ್ಚಲಿನ ಬಿಸಿನೀರಿನ ನಲ್ಲಿಯ ಮೇಲೆ, ಮತ್ತು ಫೋನಿನ ಮೇಲೆ. ರಿಸೆಪ್ಷನ್ನಿನವರಿಗೆ ಅರ್ಥವಾಗದ ಭಾಷೆಯ ಕರೆಗಳು ಹೊಸತೇನಲ್ಲ.

ಊಟದ ವಿಚಾರದಲ್ಲಿ ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಮಗುವಿನ ಆಹಾರಕ್ಕೆ ಅಡ್ಡಿಯಿಲ್ಲ. ತಾಯಿಹಾಲು ಕುಡಿಯುವ ಕೂಸಾದರೆ ಅರ್ಧ ಸಾಮಾನು ಕಮ್ಮಿ. ಮುಂದೆ ಗುಂಡಿಯಿರುವ ಕುರ್ತಾ, ಒಂದು ದೊಡ್ಡ ದುಪಟ್ಟಾ, ನೆರಳಿನ ಮೂಲೆ ಸಾಕು. ಪುಡಿ ಹಾಲಾದರೆ ಕುದಿಸಿದ ನೀರು ಇನ್ನೂ 70 ಡಿಗ್ರಿಗಿಂತ ಮೇಲಿರುವಾಗಲೇ ಪುಡಿ ಬೆರೆಸಬೇಕು. ಪುಡಿಯಲ್ಲೇ ಸೇರಿರಬಹುದಾದ ಕ್ರಿಮಿ ಸಾಯುವುದು ಆ ಬಿಸಿಗೆ. ಆಮೇಲೆ ಬಾಟಲಿಯನ್ನು ತಣ್ಣೀರಿನಲ್ಲಿ ಆಡಿಸಿ ಆರಿಸಿ ಕೊಡುವುದು. ಬೆರೆಸಿದ್ದು ಎರಡು ಗಂಟೆಯೊಳಗೆ ಖಾಲಿಯಾಗದಿದ್ದರೆ ಚೆಲ್ಲಬೇಕು. ಹಾಗಾಗಿ ಬಿಸಿನೀರು ಒಳ್ಳೆಯ ಫ್ಲಾಸ್ಕಿನಲ್ಲಿ, ಪುಡಿ ಅಳತೆ ಮಾಡಿ ಪ್ರತ್ಯೇಕ ಡಬ್ಬಿಯಲ್ಲಿ.

ರಾಗಿ ಸರಿ ಮಾತ್ರ ಪ್ರವಾಸದ ಪದಾರ್ಥವಲ್ಲ. ಅದನ್ನು ಒಲೆಯ ಮೇಲೆ ಕೈಬಿಡದೆ ಕಲಕಿ ಬೇಯಿಸಬೇಕು. ರೂಮಿನ ಕೆಟಲಿನಲ್ಲಿ ಮಾಡಹೊರಟರೆ ತಳ ಹಿಡಿದು ಕೆಟಲ್ ಹಾಳು, ಮುಂದಿನ ಅತಿಥಿಯ ಕಾಫಿಗೂ ರಾಗಿಯ ವಾಸನೆ. ಬೇಯಿಸಿ ಒಯ್ದರೆ ಬಿಡದಿಯ ಬಿಸಿಲಿಗೆ ಮಧ್ಯಾಹ್ನದೊಳಗೆ ಹುಳಿ. ಅದರ ಬದಲು ಗಟ್ಟಿ ಅವಲಕ್ಕಿಯನ್ನು ಗರಿಗರಿಯಾಗುವ ಹಾಗೆ ಹುರಿದು, ನುಣ್ಣಗೆ ಪುಡಿ ಮಾಡಿ, ಜರಡಿ ಹಿಡಿದು ಇಟ್ಟುಕೊಂಡರೆ ಎರಡು ಚಮಚಕ್ಕೆ ಅರ್ಧ ಲೋಟ ಬಿಸಿನೀರು ಸುರಿದು ಐದು ನಿಮಿಷ ಮುಚ್ಚಿಟ್ಟಲ್ಲಿ ಊಟ ತಯಾರು. ಮೇಲೆ ಅರ್ಧ ಏಲಕ್ಕಿ ಬಾಳೆಹಣ್ಣು ಕಿವುಚಿದರೆ ರಾಜಭೋಗ. ಅವಲಕ್ಕಿಯಾಗಲಿ ಬಾಳೆಹಣ್ಣಾಗಲಿ ಮೊದಲ ಸಲ ಕೊಡುವುದು ಮನೆಯಲ್ಲಾಗಿರಲಿ, ಅಲ್ಲಲ್ಲ. ದೊಡ್ಡದಕ್ಕೆ ಊಟದ ಕೌಂಟರಿನ ಮೊಸರನ್ನವೇ ಭದ್ರ. ಒಗ್ಗರಣೆಯ ಒಣಮೆಣಸಿನಕಾಯಿ ಚೂರು ಆರಿಸುವ ತಾಳ್ಮೆ ಇದ್ದರಾಯಿತು.

ಈಗ ನೀರಿಗೆ ಬರೋಣ, ಯಾಕೆಂದರೆ ಎಲ್ಲ ಎಡವಟ್ಟು ಇರುವುದು ಅಲ್ಲೇ. ಅಂದು ಬೆಳಿಗ್ಗೆ ಎಣ್ಣೆ ಸ್ನಾನ ಬೇಡ. ಎಣ್ಣೆ ಹಚ್ಚಿದ ಒದ್ದೆ ಮಗು ಕೈಯಿಂದ ಜಾರುವಷ್ಟು ಸುಲಭವಾಗಿ ಮತ್ತಾವುದೂ ಜಾರದು. ಕಾಲ್ಗೆಜ್ಜೆ, ಬಳೆ, ಬೆಳ್ಳಿಯ ಉಡಿದಾರ ಮನೆಯಲ್ಲೇ ಇರಲಿ. ಜಾರುಬಂಡೆಯ ಕೀಲಿಗೆ ಸಿಕ್ಕಿಕೊಳ್ಳುತ್ತವೆ, ಇಲ್ಲವೇ ಅಲೆಯ ಕೊಳದ ತಳ ಸೇರುತ್ತವೆ. ದೃಷ್ಟಿಬೊಟ್ಟು ಮೊದಲ ಮುಳುಗಿಗೇ ಗಲ್ಲದಿಂದ ಕತ್ತಿಗೆ ಇಳಿದಿರುತ್ತದೆ, ಅದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ. ನೀರಿಗೆ ನೈಲಾನಿನಂಥ ಈಜುಡುಗೆಯೇ ಆಗಬೇಕೆಂಬ ನಿಯಮಕ್ಕೆ ಕಾರಣವಿದೆ. ಹತ್ತಿಯ ಎಳೆ ಬಿಟ್ಟು ಶೋಧಕಕ್ಕೆ ಕಟ್ಟಿಕೊಳ್ಳುತ್ತದೆ, ಒದ್ದೆಯಾದ ಬಟ್ಟೆ ಭಾರವಾಗಿ ಮೈಯನ್ನು ಕೆಳಗೆಳೆಯುತ್ತದೆ. ಆದ್ದರಿಂದ ಹತ್ತಿ ಸೀರೆಯ ಅಜ್ಜಿಯ ಜಾಗ ದಂಡೆ. ಮಗುವಿನ ಈಜುಡುಗೆಯನ್ನು ನೀಲಿ ಬಣ್ಣದ್ದು ಕೊಳ್ಳಬಾರದು. ಎಷ್ಟೇ ಚೆಂದ ಕಂಡರೂ ನೀಲಿ ಬಟ್ಟೆ ನೀರಿನೊಳಗೆ ಮಾಯವಾಗುತ್ತದೆ. ಕಣ್ಣಿಗೆ ಹೊಡೆಯುವ ಕಿತ್ತಳೆ, ಮಿರಿಮಿರಿ ಗುಲಾಬಿ ಇವು ದೂರಕ್ಕೂ ಕಾಣುತ್ತವೆ.

ಸಾದಾ ಡೈಪರ್ ಹಾಕಿ ನೀರಿಗಿಳಿಸಿದರೆ ಎರಡೇ ನಿಮಿಷಕ್ಕೆ ಅದು ಕೊಳವನ್ನೇ ಹೀರಲು ಹೊರಡುತ್ತದೆ, ಮಗುವಿನ ಸೊಂಟಕ್ಕೆ ಕುಂಬಳಕಾಯಿ ಕಟ್ಟಿದ ಹಾಗೆ. ಕೊನೆಗೆ ಹರಿದರೆ ಒಳಗಿನ ಲೋಳೆ ಮುತ್ತುಗಳು ಕೊಳದ ತುಂಬ. ಈಜಿನ ಡೈಪರ್ ಉಬ್ಬುವುದಿಲ್ಲ. ಆದರೆ ಅದು ತಡೆಯುವುದು ಗಟ್ಟಿಯಾದದ್ದನ್ನು ಮಾತ್ರ. ಉಚ್ಚೆ ನಿಲ್ಲುವುದಿಲ್ಲ, ಭೇದಿಯಂತೂ ನಿಲ್ಲುವುದೇ ಇಲ್ಲ. ಅದಕ್ಕೇ ಅದನ್ನು ಹೊರಡುವಾಗಲೇ ಹಾಕಿ ಕಾರಿನ ಸೀಟು ಒದ್ದೆ ಮಾಡಿಸಿಕೊಳ್ಳದೆ, ಕೊಳದ ದಂಡೆಯಲ್ಲಿ ಬದಲಿಸುವುದು ಜಾಣತನ. ಹೊಟ್ಟೆ ಕೆಟ್ಟಿದ್ದ ಮಗುವನ್ನು ವಾಸಿಯಾದ ಮೇಲೂ ಎರಡು ವಾರ ಕೊಳಕ್ಕೆ ಇಳಿಸಬಾರದು. ಕ್ಲೋರಿನ್ನಿಗೆ ಬಗ್ಗದೆ ದಿನಗಟ್ಟಲೆ ನೀರಿನಲ್ಲಿ ಬದುಕುವ ಪರೋಪಜೀವಿಗಳಿವೆ, ಬೇರೆಯವರ ಮಕ್ಕಳೂ ಅದೇ ನೀರು ಕುಡಿಯುತ್ತವೆ.

ಏಳು ತಿಂಗಳ ಕೂಸಿಗೆ ಹತ್ತು ಹದಿನೈದು ನಿಮಿಷದ ನೀರು ಬೇಕಾದಷ್ಟಾಯಿತು. ಸಣ್ಣ ಮೈಯಿಂದ ಶಾಖ ಬೇಗ ಹೋಗುತ್ತದೆ. ತುಟಿ ನೀಲಿಯಾಗುವವರೆಗೆ ಕಾಯದೆ, ರೋಮ ನಿಂತಾಗಲೇ ಎತ್ತಿ ಹಳೇ ಪಂಚೆಯಲ್ಲಿ ಸುತ್ತಬೇಕು. ಟರ್ಕಿ ಟವೆಲ್ಲಿಗಿಂತ ಪಂಚೆ ಬೇಗ ನೀರು ಹೀರುತ್ತದೆ, ಬೇಗ ಒಣಗುತ್ತದೆ, ಬ್ಯಾಗಿನಲ್ಲಿ ಜಾಗವನ್ನೂ ತಿನ್ನುವುದಿಲ್ಲ. ಆರು ತಿಂಗಳೊಳಗಿನ ಕೂಸಾದರೆ ನೀರೂ ಬೇಡ, ಬಿಸಿಲಿನ ಲೋಷನ್ನೂ ಬೇಡ. ನೆರಳು, ತುಂಬುತೋಳಿನ ಅಂಗಿ, ಟೋಪಿ ಸಾಕು.

ದೊಡ್ಡದರ ಕಥೆ ಬೇರೆ. ಅಲೆಯ ಕೊಳದ ಅಂಚಿನಲ್ಲಿ ನೀರು ಪಾದದಷ್ಟೇ ಇದೆಯೆಂದು ದೊಡ್ಡವರು ಧೈರ್ಯ ತಾಳುತ್ತಾರೆ. ಅಲೆ ಬಂದಾಗ ಅಲ್ಲ, ಹಿಂದೆ ಸರಿಯುವಾಗ ಮಗು ಬೀಳುತ್ತದೆ. ಕಾಲಡಿಯ ನೀರು ಎಳೆದುಕೊಂಡು ಹೋಗುತ್ತದೆ, ಬಿದ್ದದ್ದು ಏಳುವ ಮೊದಲೇ ಮುಂದಿನ ಅಲೆ. ತೋಳಿಗೆ ಕಟ್ಟುವ ಗಾಳಿಯ ಚೀಲ ಆಟದ ಸಾಮಾನು, ರಕ್ಷಣೆಯ ಸಾಮಾನಲ್ಲ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ, ಸುಮ್ಮನೆ ಮುಳುಗುತ್ತದೆ. ಚಾಚಿದ ಕೈಗೆ ಸಿಗುವಷ್ಟು ಹತ್ತಿರ ಒಬ್ಬರು ಇರಲೇಬೇಕು, ಆ ಒಬ್ಬರ ಕೈಯಲ್ಲಿ ಮೊಬೈಲ್ ಇರಬಾರದು. ಇಷ್ಟೆಲ್ಲ ಹೇಳಿದ ಮೇಲೂ, ಎರಡೂವರೆ ವರ್ಷದವರಿಗೆ ಕೋಟಿಗಟ್ಟಲೆ ಸುರಿದು ಕಟ್ಟಿದ ಜಾರುಬಂಡೆಗಿಂತ ದಂಡೆಯ ಕಾಲು ತೊಳೆಯುವ ನಲ್ಲಿಯೇ ಹೆಚ್ಚು ಇಷ್ಟವಾಗುವ ಸಂಭವ ಉಂಟು. ಆಗ ನಲ್ಲಿಯ ಹತ್ತಿರ ನಿಂತುಬಿಡುವುದೇ ಸರಿ, ಟಿಕೆಟ್ಟಿನ ರೇಟು ನೆನೆದು ಎಳೆದೊಯ್ಯಬಾರದು.

ಅಪ್ಪ ಅಮ್ಮನಿಗೂ ಒಂದೆರಡು ಆಟ ಬೇಕಲ್ಲ? ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಎಂದರೆ ಕೈ ಖಾಲಿಯಿರುವವರು ಯಾರೂ ಇಲ್ಲ. ಮೂರನೆಯ ದೊಡ್ಡವರು ಬಂದರೆ ಲೆಕ್ಕವೇ ಬದಲಾಗುತ್ತದೆ. ‘ನಂಗೇನೂ ಬೇಡಮ್ಮ, ನಾನು ಬ್ಯಾಗ್ ನೋಡ್ಕೋತೀನಿ’ ಅನ್ನುವ ಅಜ್ಜಿಗೂ ಟಿಕೆಟ್ ಕೊಳ್ಳಬೇಕು, ಕೊಂಡರೆ ನಷ್ಟವಿಲ್ಲ. ಕೂಸು ಊಟ ಮಾಡಿ ಮಲಗಿದ ಅರ್ಧ ಗಂಟೆಯಲ್ಲಿ ಒಬ್ಬೊಬ್ಬರಾಗಿ ಹೋಗಿ ಬರುವುದು ಉತ್ತಮ. ಇಬ್ಬರೂ ಒಟ್ಟಿಗೆ ಸಾಲಿನಲ್ಲಿ ನಿಂತರೆ ಸರದಿ ಬರುವ ಹೊತ್ತಿಗೆ ಅಜ್ಜಿಯ ಫೋನ್ ಬರುತ್ತದೆ.

ತಳ್ಳುಗಾಡಿ ಒಯ್ಯುವುದಾದರೆ ಒಂದೇ ಕೈಯಲ್ಲಿ ಮಡಚಲು ಬರುವ ಹಗುರದ್ದು. ಡೈಪರ್ ಬ್ಯಾಗನ್ನು ಅದರ ಹಿಡಿಗೆ ನೇತುಹಾಕುವುದು ಎಲ್ಲರ ಚಾಳಿ; ಮಗುವನ್ನು ಎತ್ತಿಕೊಂಡ ಕೂಡಲೇ ಗಾಡಿ ಹಿಂದಕ್ಕೆ ಮಗುಚಿ ಫ್ಲಾಸ್ಕ್ ಒಡೆಯುತ್ತದೆ. ಬಿಸಿಲೆಂದು ಅದರ ಮೇಲೆ ಶಾಲು ಮುಚ್ಚುವುದೂ ತಪ್ಪು. ಒಳಗೆ ಗಾಳಿಯಾಡದೆ ಸೆಕೆ ಏರುತ್ತದೆ, ಬೆವರುವ ಮುಖ ಕಣ್ಣಿಗೆ ಬೀಳುವುದೂ ಇಲ್ಲ. ದೊಡ್ಡದರ ಮುಂಗೈ ಮೇಲೆ ಬಾಲ್ ಪೆನ್ನಿನಲ್ಲಿ ಫೋನ್ ನಂಬರ್ ಬರೆದು, ಅಂದಿನ ಬಟ್ಟೆಯಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೆ ಕಳೆದುಹೋದಾಗ ‘ಯಾವ ಬಣ್ಣದ ಅಂಗಿ’ ಎಂಬ ಪ್ರಶ್ನೆಗೆ ತಡಬಡಾಯಿಸಬೇಕಿಲ್ಲ.

ಭಾನುವಾರ, ದಸರಾ ರಜೆ, ಬೇಸಿಗೆ ರಜೆ ಬೇಡವೆಂದು ಯಾರಾದರೂ ಹೇಳುತ್ತಾರೆ. ಡಿಸೆಂಬರಿನ ವಾರದ ದಿನಗಳೂ ಖಾಲಿಯಲ್ಲ ಎಂಬುದು ಹೋದವರಿಗೇ ಗೊತ್ತು. ಶಾಲಾ ಪ್ರವಾಸದ ಬಸ್ಸುಗಳು ಸಾಲಾಗಿ ನಿಂತಿರುತ್ತವೆ.

ಸುಸ್ತಾದ ಮಗುವಿಗೆ ಓಆರ್‌ಎಸ್ ಕೊಡುವುದಾದರೆ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ, 200 ಮಿಲಿಲೀಟರಿನದೋ 1 ಲೀಟರಿನದೋ ನೋಡಿ, ಇಡೀ ಪೊಟ್ಟಣ ಒಮ್ಮೆಗೇ ಹಾಕಬೇಕು. ಚಮಚದ ಲೆಕ್ಕ ನಡೆಯುವುದಿಲ್ಲ. ಪೆಟ್ಟಿಗೆಯಲ್ಲಿ ಬರುವ ಸಿಹಿ ಹಣ್ಣಿನ ರಸ ಅದಕ್ಕೆ ಬದಲಿಯಲ್ಲ. ಇನ್ನು ಹೊರಡುವ ಹೊತ್ತು. ಸಂಜೆ 6ಕ್ಕೆ ಕಾರು ಹತ್ತಿಸಿದರೆ ಕೆಂಗೇರಿ ಬರುವುದರೊಳಗೆ ಎರಡೂ ಮಲಗಿ, ಮನೆಯಲ್ಲಿ 8ಕ್ಕೆ ಎದ್ದು, ರಾತ್ರಿ 12ರವರೆಗೆ ಪಾರ್ಕು ಮುಂದುವರಿಸುತ್ತವೆ. 4ರೊಳಗೆ ಹೊರಡಬೇಕು, ಇಲ್ಲವೇ ರೆಸಾರ್ಟಿನಲ್ಲೇ ಬಿಸಿನೀರು ಹುಯ್ದು, ಊಟ ಮಾಡಿಸಿ, ರಾತ್ರಿಯ ಬಟ್ಟೆ ಹಾಕಿಯೇ 8ಕ್ಕೆ ಹೊರಡಬೇಕು. ಆಗ ಕಾರಿನಿಂದ ಎತ್ತಿದ್ದನ್ನು ನೇರ ಹಾಸಿಗೆಗೆ ಹಾಕಬಹುದು. ಒದ್ದೆ ಬಟ್ಟೆಯ ಚೀಲವನ್ನು ಮಾತ್ರ ಡಿಕ್ಕಿಯಲ್ಲೇ ಮರೆಯಬಾರದು.